ಜಗ್ಗುವ ಮಷಿನ್

ನನ್ನ ಅಕ್ಕನಿಗೆ ಸಾವಿನ ಭಯ ಇರಲಿಲ್ಲ. ಸತ್ತ ಮೇಲೆ ತನ್ನ ಮೊಣಕಾಲಿಗೆ ಏನು ಮಾಡುತ್ತಾರೋ ಎಂಬ ಭಯವಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ ಪದ್ಮಾಸನ ಹಾಕಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಜನವಾಡದಲ್ಲಿ ನಮ್ಮ ಸೋದರತ್ತೆ ತೀರಿಕೊಂಡಾಗ, ವಾತದಿಂದ ಸೆಟೆದಿದ್ದ ಅವಳ ಕಾಲನ್ನು ಗಂಡಸರು ಅದುಮಿ ಹಿಡಿದು ಮಡಚಿದ್ದನ್ನು ಅಕ್ಕ ಬಾಗಿಲ ಸಂದಿಯಿಂದ ನೋಡಿಬಿಟ್ಟಿದ್ದಳು. ಆಗ ಕೇಳಿಸಿದ ಸದ್ದನ್ನು ಅವಳು ಮರೆಯಲೇ ಇಲ್ಲ. ತನ್ನ ಮೊಣಕಾಲೂ ಹಟ ಹಿಡಿದ ಮೇಲಂತೂ ಅದೇ ಮಾತು.

"ನನಗೂ ಹಂಗೇ ಮುರೀತಾರ ನೋಡು."

"ಸತ್ತ ಮ್ಯಾಲ ನಿನಗೇನು ನೋವಾಗ್ತದ?" ಎಂದು ನಾನು ಸಿಡುಕುತ್ತಿದ್ದೆ.

"ನನಗಾಗಲ್ಲ. ನಿನಗಾಗ್ತದ. ನೋಡಾಕಿ ನೀನೇ ಇರ್ತಿ."

ಅವಳ ಮನೆ ಭಾಲ್ಕಿಯಲ್ಲಿ; ನಾನು ಔರಾದಿನಲ್ಲಿ ಶಾಲೆ ಕಲಿಸುವ ಅಕ್ಕೋರು. ಅವಳು ನೆಲದ ಮೇಲೆ ಕೂತು ಲಿಂಗಪೂಜೆ ಮಾಡುವುದು ನಿಂತು ವರ್ಷಗಳೇ ಆಗಿದ್ದವು. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಾಡುವಳು, ಮುಗಿಸಿದ ಮೇಲೆ ತಪ್ಪು ಮಾಡಿದವಳಂತೆ ಸುತ್ತ ನೋಡುವಳು. ಬೀದರಿನ ಎಲುಬಿನ ಡಾಕ್ಟರು ಆಪರೇಷನ್ ಮಾಡುವುದಕ್ಕೂ ಮೊದಲು ತೂಕ ಇಳಿಸಬೇಕೆಂದರು. ತೂಕ ಇಳಿಸಲು ನಡೆಯಬೇಕು, ನಡೆದರೆ ಮೊಣಕಾಲು ಊದುತ್ತದೆ. ಇದೆಂಥ ನ್ಯಾಯವೆಂದು ನನಗೆ ಮೈ ಉರಿಯಿತು. ಕೊನೆಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಕೂತಲ್ಲೇ ಮಾಡುವ ರೋಯಿಂಗ್ ಮಷಿನ್ ಇದೆ, ನಿಧಾನವಾಗಿ ಎಳೆದರೆ ಮೊಣಕಾಲು ಮಡಚಿ ಬಿಚ್ಚಿ ಸಡಿಲವಾಗುತ್ತದೆ" ಎಂದರು.

ಸಡಿಲವಾಗುತ್ತದೆ ಎಂಬ ಒಂದು ಮಾತು ಅಕ್ಕನಿಗೆ ಸಾಕಾಯಿತು. ತೂಕದ ಸುದ್ದಿ ಅವಳು ಎತ್ತಲೇ ಇಲ್ಲ.

ನಾನು ವಾರಗಟ್ಟಲೆ ಮೊಬೈಲಿನಲ್ಲಿ ಮಷಿನ್ನುಗಳನ್ನೇ ನೋಡಿದೆ. ಅಗ್ಗದ್ದಕ್ಕೆ ಎರಡು ಕೈ, ಬೈಕಿನ ಶಾಕ್‌ಅಬ್ಸಾರ್ಬರಿನಂಥ ಕೊಳವೆ; ಸ್ವಲ್ಪ ಹೊತ್ತಿಗೇ ಬಿಸಿಯಾಗುತ್ತದೆ, ಸೀಟು ಸರಿಯುವ ಹಳಿ ಗಿಡ್ಡ. ತುಟ್ಟಿಯದ್ದಕ್ಕೆ ನೀರಿನ ಡಬ್ಬಿ, ಎತ್ತರದ ಸೀಟು. ನಮ್ಮಂಥವರು ನೋಡಿ ಸುಮ್ಮನಾಗಬೇಕು. ನಡುವಿನದು ಅಯಸ್ಕಾಂತದ್ದು. ಪಟ್ಟಿ ಎಳೆದರೆ ಸದ್ದಿಲ್ಲ, ಹಳಿಯೂ ಉದ್ದ. ಕೊಂಡವರೆಲ್ಲ ಹೊಗಳಿ ಬರೆದಿದ್ದರು. ಅವರಲ್ಲಿ ಯಾರಿಗೂ ನಮ್ಮ ಅಕ್ಕನ ಮೊಣಕಾಲು ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಬೀದರಿನ ಅಂಗಡಿಯವರು ಉರ್ದು ಬೆರೆಸಿ, "ಇದು ನಾವ್ ಚಲಾಯ್ಸೋ ಮಷಿನ್ ರೀ" ಎಂದು ಪರಿಚಯ ಮಾಡಿಕೊಟ್ಟರು. ಅವರ ನಾವ್ ಅಂದರೆ ದೋಣಿ. ಅಕ್ಕ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಳು.

"ನಾವ್ ಯಾಕ ಚಲಾಯ್ಸಬೇಕ್ರಿ? ಮೊದಲ ನೀವ್ ಚಲಾಯ್ಸಿ ತೋರ್ಸ್ರಿ."

ಅವರು ನಗುತ್ತ ದೋಣಿಯೆಂದು ಬಿಡಿಸಿ ಹೇಳಿದಾಗ ಅಕ್ಕ ನನ್ನ ಕಡೆ ತಿರುಗಿದಳು. "ಭಾಲ್ಕ್ಯಾಗ ದೋಣಿ ಎಲ್ಲಿ ನಡಸ್ಲೇ? ಬಚ್ಚಲದಾಗೇನು?" ಆ ದಿನ ಅವಳು ಬಹಳ ನಕ್ಕಳು. ನಗುತ್ತಲೇ ಸೀಟಿನ ಮೇಲೆ ಕೂತಳು, ಎರಡು ಸಲ ಪಟ್ಟಿ ಎಳೆದಳು, ಮುಖ ಅರಳಿತು. ಏಳಲು ಹೋದಳು. ಆಗಲಿಲ್ಲ. ಸೀಟು ನೆಲದಿಂದ ಒಂದು ಗೇಣಿನಷ್ಟೇ ಎತ್ತರವಿತ್ತು. ಅಂಗಡಿಯವರು ಒಂದು ತೋಳು, ನಾನು ಒಂದು ತೋಳು ಹಿಡಿದೆವು. "ಜಗ್ಗ್ರಿ ಅಕ್ಕೋರ, ಜರಾ ಜೋರ್ ಜಗ್ಗ್ರಿ" ಎಂದರು ಅವರು. ಎದ್ದು ನಿಂತ ಅಕ್ಕನ ನಗು ಮುಗಿದಿತ್ತು. ನಾನು ಬೇಡವೆಂದೆ. ಅವಳು ಬಿಡಲಿಲ್ಲ.

"ಅದೇ ಇರ್ಲಿ. ಇಷ್ಟು ಕೆಳಗ ಕುಂತು ಎಷ್ಟು ವರ್ಷ ಆಗಿತ್ತು."

ಭಾವ ಕಿರಾಣಿ ಅಂಗಡಿಯವರು, ಮಾತು ಕಡಿಮೆ. ಮಷಿನ್ನನ್ನು ಸುತ್ತು ಹಾಕಿ ನೋಡಿ, ಬಡಿಗನಿಂದ ದಪ್ಪ ಮರದ ತುಂಡು ಕತ್ತರಿಸಿಕೊಂಡು ಬಂದು ಅದರ ಕೆಳಗೆ ಇಟ್ಟರು. ಸೀಟು ಮಂಚದಷ್ಟೇ ಎತ್ತರಕ್ಕೆ ಬಂತು. ಮನೆಯಲ್ಲಿ ಅದಕ್ಕೆ ಜಗ್ಗೋ ಮಷಿನ್ ಎಂದೇ ಹೆಸರಾಯಿತು. ಬೆಳಗ್ಗೆ ಪೂಜೆ ಮುಗಿದ ಕೂಡಲೇ ಅಕ್ಕ ಅದರ ಮೇಲೆ ಕೂತು, ಒಂದು ಸಲಕ್ಕೆ ಒಂದೇ ಕಾಲು ಮಡಚಿ ಎಳೆಯುವಳು. ಸೀಟು ಪಾದದ ಕಡೆಗೆ ಎಷ್ಟು ದೂರ ಸರಿಯಿತೋ ಅಲ್ಲಿ, ಕೈಬೆರಳಲ್ಲಿ ಉಳಿದ ವಿಭೂತಿಯಿಂದ ಹಳಿಯ ಮೇಲೆ ಗೆರೆ ಎಳೆಯುವಳು. ಸೀಟು ಮುಂದೆ ಹೋದಷ್ಟೂ ಮೊಣಕಾಲು ಮಡಚಿತು ಎಂದರ್ಥ. ನಾನು ರಜೆಗೆ ಹೋದಾಗ ಪಕ್ಕದಲ್ಲಿ ನಿಂತು "ಜಗ್ಗು ಅಕ್ಕಾ, ಜಗ್ಗು" ಎನ್ನುತ್ತಿದ್ದೆ. ಗೆರೆಗಳು ನಿಧಾನವಾಗಿ ಮುಂದೆ ಬಂದವು. ಎಡಗಾಲು ಚೆನ್ನಾಗಿ ಮಡಚತೊಡಗಿತು. ಬಲಗಾಲು ಅರ್ಧಕ್ಕೆ ಬಂದು ನಿಂತಿತು, ಅಲ್ಲಿಂದ ಮುಂದೆ ಗೆರೆ ಗೆರೆಯ ಮೇಲೇ ಬಿದ್ದು ದಪ್ಪವಾಯಿತು.

"ಇದೊಂದು ಕಾಲ್ ಬಾಕಿ ಅದ," ಎನ್ನುತ್ತಿದ್ದಳು ಫೋನಿನಲ್ಲಿ. "ಇದೂ ಬಂತಂದ್ರ ನನಗ ಯಾರ ಹಂಗೂ ಇಲ್ಲ."

ಚಳಿಗಾಲದಲ್ಲಿ ಮಲಗಿದವಳು ಮಲಗಿದಲ್ಲೇ ಹೋದಳು. ಎದೆಯೋ ಏನೋ, ಯಾರಿಗೂ ತಿಳಿಯಲಿಲ್ಲ. ಬೆಳಗ್ಗೆ ಭಾವ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತಂತೆ. ಔರಾದಿನಿಂದ ಬಸ್ಸಿನಲ್ಲಿ ಬರುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಡಾಕ್ಟರ ಮೇಲೆ, ಮಷಿನ್ನಿನ ಮೇಲೆ, ಇನ್ನಷ್ಟು ದಿನ ತಡೆಯದ ಅವಳ ಮೇಲೂ.

ನಾನು ಒಳಗೆ ಹೋದಾಗ ಅವಳನ್ನು ಗೋಡೆಗೆ ಒರಗಿಸಿದ್ದರು. ಎಡಗಾಲು ಮಡಚಿತ್ತು, ಯಾರೂ ಕಷ್ಟಪಡದೆ ಮಡಚಿತಂತೆ. ಬಲಗಾಲು ಅರ್ಧ ಎದ್ದು ನಿಂತಿತ್ತು. ಓಣಿಯ ಇಬ್ಬರು ಗಂಡಸರು ಬಿಸಿನೀರು ಹಾಕಿ ತೊಡೆಯ ಮೇಲೊಬ್ಬ, ಪಾದಕ್ಕೊಬ್ಬ ಕೈ ಹಾಕಿದ್ದರು. "ಇನ್ನ ಜರಾ ಜಗ್ಗು," ಎಂದ ಒಬ್ಬ.

"ಜಗ್ಗಬ್ಯಾಡ್ರಿ!"

ಇಡೀ ಓಣಿಗೆ ಕೇಳುವಂತೆ ಕೂಗಿದೆನಂತೆ. ಅವರು ಕೈ ತೆಗೆದರು. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಮೆಲ್ಲಗೆ, "ಕುಂದ್ರಸಬೇಕಲ್ರಿ ಅಕ್ಕೋರ, ಪದ್ಧತಿ ಅದ" ಎಂದರು.

"ಕುಂತಾಳಲ್ರಿ ಅಯ್ಯನವರ. ದಿನಾ ಹಿಂಗೇ ಕುಂದ್ರತಿದ್ಳು."

ಕೋಣೆಯ ಮೂಲೆಯಲ್ಲಿ ಮಷಿನ್ ಇತ್ತು, ಹಳಿಯ ಮೇಲೆ ಹಿಂದಿನ ದಿನದ ವಿಭೂತಿ ಬೆಳ್ಳಗೆ ಕಾಣುತ್ತಿತ್ತು. ಎಲ್ಲರೂ ಭಾವನ ಮುಖ ನೋಡಿದರು. ಭಾವ ಅಕ್ಕನ ಬಲ ಮೊಣಕಾಲಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಸಲಿಕೆ ಹಿಡಿದು ಹೊರಟಿದ್ದವರಿಗೆ ಹೇಳಿದರು:

"ಕುಣಿ ಜರಾ ಅಗಲ ತೋಡ್ರಿ. ಆಕಿ ಒಂದು ಕಾಲ್ ಚಾಚ್ಕೊಂಡು ಕುಂದ್ರತಾಳ."