ಬೆನ್ನಿಗೆ ಎರಡು ಬೆರಳು

ಸಂಜೆ ಆರೂ ನಲವತ್ತಕ್ಕೆ ದಿಲ್ಲಿಯ ವಸಂತ್ ಕುಂಜ್‌ನ ನೆಲಮಾಳಿಗೆಯ ಹಾಲಿನಲ್ಲಿ ಕರೆಂಟು ಹೋಗಿ, ಸ್ಪೀಕರಿನ ವೈರಿನಿಂದ ಹೊಗೆ ಏಳತೊಡಗಿತು. ರಾಜ್ಯೋತ್ಸವದ ಹಾಡು ಅಭ್ಯಾಸ ಮಾಡುತ್ತಿದ್ದ ನಾವೆಲ್ಲ ಒಟ್ಟಿಗೆ ಕಿರುಚಿದೆವು.

ಹಾಡು ಕಲಿಸುತ್ತಿದ್ದ ಟೀಚರ್ ಯಾವತ್ತೂ ಗದರಿದವರಲ್ಲ. ನಾವು ಹಾಡುವಾಗ ಹಿಂದೆ ಮೆಲ್ಲಗೆ ನಡೆದಾಡುತ್ತ, ಯಾರ ದನಿ ಏರಿತೋ ಅವರ ಬೆನ್ನಿಗೆ ಎರಡು ಬೆರಳು ತಾಗಿಸುತ್ತಿದ್ದರು. "ಇನ್ನೂ ಸಣ್ಣಗೆ ಕಣಮ್ಮಾ, ಪಕ್ಕದವಳ ದನಿ ನಿಂಗೆ ಕೇಳಿಸ್ಬೇಕು."

"ಇಷ್ಟು ಸಣ್ಣಗೆ ಕರೆದ್ರೆ ದಿಲ್ಲೀಲಿ ಆಟೋ ಭಯ್ಯಾನೂ ನಿಲ್ಲಲ್ಲ, ಟೀಚರ್," ಎಂದು ನಾವು ಚುಡಾಯಿಸಿದರೆ ನಗುತ್ತಿದ್ದರು.

ಆ ಕತ್ತಲಲ್ಲಿ ನನ್ನ ಬೆನ್ನಿಗೆ ಅದೇ ಎರಡು ಬೆರಳು ತಾಗಿದವು. ಅಭ್ಯಾಸದಿಂದ ಬಾಯಿ ಮುಚ್ಚಿತು. ಪಕ್ಕದವಳೂ ಸುಮ್ಮನಾದಳು, ಆಮೇಲೆ ಅವಳಾಚೆಯವಳು. ನೀರಿನಡಿಗೆ ಇಳಿದಂತೆ ಎಲ್ಲವೂ ಮೆಲ್ಲಗೆ ಸ್ತಬ್ಧವಾಯಿತು. ಆಗಲೇ ಕಾವಲುಗಾರನ ಕೂಗು ದೂರದಿಂದ ಕೇಳಿಸಿದ್ದು: "ಇಧರ್ ಆಓ, ಪೀಛೇ ಕಾ ದರ್ವಾಜಾ!" ಆ ದನಿ ಹಿಡಿದು ಹಿಂಬಾಗಿಲಿನಿಂದ ಹೊರಬಿದ್ದೆವು. ಕೊನೆಗೆ ಬಂದ ಟೀಚರ್‌ಗೆ ಹೊಗೆಯಿಂದ ದನಿಯೇ ಹೊರಡುತ್ತಿರಲಿಲ್ಲ.

ಆಮೇಲೆ ಪ್ರತಿ ರಾತ್ರಿ ಆ ಕಿರುಚಾಟ ನನ್ನನ್ನು ಎಬ್ಬಿಸುತ್ತಿತ್ತು; ಹಾಡಿನ ಕ್ಲಾಸಿಗೆ ಹೋಗುವುದನ್ನೇ ಬಿಟ್ಟೆ. ಚಳಿ ಕಡಿಮೆಯಾಗುತ್ತಿದ್ದ ಒಂದು ಮಧ್ಯಾಹ್ನ ಫೋನು ಬಂತು. "ಕ್ಲಾಸಿಗೆ ಯಾಕೆ ಬರ್ತಿಲ್ಲ ನೀನು?" ದನಿ ಮರಳಿದ್ದ ಟೀಚರ್ ಮೊದಲ ಸಲ ಗಂಟಲು ಬಿಚ್ಚಿ ಗದರಿದರು. ಅವತ್ತು ರಾತ್ರಿ ಬೆಳಗಾಗುವವರೆಗೂ ನಿದ್ದೆ ಮಾಡಿದೆ.