ಅಪ್ಪಾರ ಅಳತಿ

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಮನೆಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ನಾನು ನಕ್ಷೆಗಳ ಪ್ರತಿ ತೆಗೆಯುವ ಕೆಲಸಕ್ಕಿದ್ದೆ. ಕಚೇರಿಯನ್ನು ಕಟ್ಟಿದ ಹಿರಿಯರು ತೀರಿಕೊಂಡಿದ್ದರು. ಅವರ ಮಗನೇ ನಮ್ಮ ಯಜಮಾನರು. ತಂದೆಯ ಮರದ ಅಳತೆಪಟ್ಟಿಯನ್ನು ಧೋತರದ ಚುಂಗಿನಿಂದ ಒರೆಸದೆ ಅವರು ಪೆನ್ಸಿಲು ಹಿಡಿದವರಲ್ಲ. ನಕ್ಷೆ ಮುಗಿದರೆ ಕೆಳಗೆ ತಂದೆಯ ಹೆಸರನ್ನೇ ಬರೆಯುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಉತ್ತರ: "ಅಪ್ಪಾರ ಅಳತಿ ಐತಿ, ಚಿಂತಿ ಬ್ಯಾಡ್ರಿ."

ಕುರುಗೋಡಿನ ಗಟ್ಟಿ ನೆಲದಲ್ಲಿ ತಂದೆ ಕಟ್ಟಿಸಿದ ಮನೆಗಳು ಅಲುಗದೆ ನಿಂತಿದ್ದವು. ಸಿರುಗುಪ್ಪದ ವರ್ತಕರೊಬ್ಬರ ಮನೆಗೂ ಯಜಮಾನರು ಅಷ್ಟೇ ಆಳದ ಪಾಯ ಹಾಕಿಸಿದರು. ಅಲ್ಲಿಯದು ಎರೆಮಣ್ಣು, ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ನೆಲ. ಮರುಬೇಸಿಗೆಗೆ ನಡುಮನೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತು.

ನಾವಿಬ್ಬರೂ ಹೋದೆವು. ಯಜಮಾನರು ಬಿರುಕಿನೊಳಗೆ ಬೆರಳಿಟ್ಟು ನೋಡಿದರು.

"ಹಂಗಾದ್ರ ನಿಮ್ಮ ಅಪ್ಪಾರ ಅಳತಿನ ತಪ್ಪೇನ್ರಿ?" ಎಂದರು ವರ್ತಕರು.

"ಅಳತಿ ಸರಿ ಐತ್ರಿ. ಅವರು ಕುರುಗೋಡಿನ ನೆಲ ನೋಡಿ ಹಾಕಿದ್ರು. ನಾ ನಿಮ್ಮ ನೆಲ ನೋಡ್ಲಿಲ್ಲ. ಗ್ವಾಡಿ ಮತ್ತ ಕಟ್ಟಿಸಿಕೊಡ್ತೀನಿ."

ಆ ಮನೆಯ ನಕ್ಷೆಯನ್ನು ತರಿಸಿ, ವರ್ತಕರ ಎದುರಿಗೇ ತಂದೆಯ ಹೆಸರು ಹೊಡೆದುಹಾಕಿ ತಮ್ಮ ಹೆಸರು ಬರೆದರು.

ಆಮೇಲೆ ಯಾವ ಊರಿಗೆ ಹೋದರೂ ಮೊದಲು ನೆಲ ಅಗೆಸಿ, ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡುತ್ತಿದ್ದರು. ಪಾಯದ ಆಳವನ್ನು ತಾವೇ ಗೊತ್ತು ಮಾಡುತ್ತಿದ್ದರು. ಮತ್ತೆ ಯಾವ ಗೋಡೆಯೂ ಬಿರಿಯಲಿಲ್ಲ. ಆ ನಕ್ಷೆಗಳ ಕೆಳಗೆಲ್ಲ ತಂದೆಯ ಹೆಸರೇ ಇರುತ್ತಿತ್ತು. ಯಜಮಾನರ ಸ್ವಂತ ಹೆಸರನ್ನು ನಾನು ಕಂಡದ್ದು ಸಿರುಗುಪ್ಪದ ಆ ನಕ್ಷೆಯೊಂದರಲ್ಲಿ ಮಾತ್ರ.