ಕೆಡಿಸಿದವರ ಕುರ್ಚಿ

ನಮ್ಮ ಪುಟ್ಟ ಚರ್ಚಿನ, ಅಂದರೆ ಚಾಪೆಲ್ಲಿನ, ಹಿಂದಿನ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಕೆಟ್ಟ ಸಾಮಾನುಗಳ ರಿಪೇರಿ ನಡೆಯುತ್ತದೆ. ಟೋಸ್ಟರ್, ಗಡಿಯಾರ, ಹರಿದ ಕೋಟು, ಏನನ್ನಾದರೂ ತರಬಹುದು. ಬಂದವರಿಗೆ ಚಹಾ ಕೊಡುವುದು ದೇವರು ನನ್ನ ಪಾಲಿಗಿಟ್ಟ ಕೆಲಸ. ಕಿಟಕಿ ಪಕ್ಕದ ಮೇಜು ಮಾವಿಸ್ ಕ್ರಾಬ್ಟ್ರಿಯದು. ಅವಳು ನೋಡುವುದು ರಿಮೋಟ್ ಆಟಿಕೆಗಳನ್ನು ಮಾತ್ರ. ಚಿಕ್ಕ ವಯಸ್ಸಿಗೇ ಟಿ.ವಿ. ಕಾರ್ಖಾನೆಗೆ ಬೆಸುಗೆ ಹಾಕಲು ಸೇರಿದವಳು. ಕಾರ್ಖಾನೆ ಮುಚ್ಚಿತು, ಅವಳ ಕೈ ನಿಲ್ಲಲಿಲ್ಲ. ನಮ್ಮ ಇಡೀ ಕಾಲ್ಡರ್ ಕಣಿವೆಯಲ್ಲಿ ಅಂಥ ಕೈ ಇನ್ನೊಂದಿಲ್ಲ ಎನ್ನಲು ನನಗೇನೂ ಸಂಕೋಚವಿಲ್ಲ.

ಅವಳ ಮೇಜಿಗೆ ಬರುವುದರಲ್ಲಿ ಹೆಚ್ಚಿನವು ಬ್ಯಾಟರಿ ಉಲ್ಟಾ ಹಾಕಿ ಸುಟ್ಟವು. ಅವಳದೊಂದು ನಿಯಮವಿದೆ. ಪಕ್ಕದ ಕುರ್ಚಿಯಲ್ಲಿ ಕೂರಬೇಕಾದವರು ಸಾಮಾನು ತಂದವರಲ್ಲ, ಕೆಡಿಸಿದವರು. ಗಂಡ ಕೆಡಿಸಿದ್ದನ್ನು ಹೆಂಡತಿ ತಂದರೆ, ಗಂಡನನ್ನೇ ಕರೆಸುತ್ತಾಳೆ. "ಕೆಡಿಸಿದ ಕೈಯೇ ಸರಿ ಮಾಡ್ಬೇಕು. ಇಲ್ದಿದ್ರೆ ಕೈಗೆ ಬುದ್ಧಿ ಬರಲ್ಲ," ಎನ್ನುತ್ತಾಳೆ. ನಮ್ಮ ಪಾದ್ರಿಯೂ ಒಮ್ಮೆ ಅಲ್ಲಿ ಕೂತು ಬೆರಳು ಸುಟ್ಟುಕೊಂಡಿದ್ದಾರೆ.

ಮೇ ತಿಂಗಳ ಒಂದು ಶನಿವಾರ ಸೆಲ್ವಿನ್ ಬೂತ್ ಬಂದ. ಜೀವನವೆಲ್ಲ ಹಳೆಯ ಟ್ರ್ಯಾಕ್ಟರುಗಳ ಕೆಳಗೆ ಮಲಗಿ ಕಳೆದ ಮನುಷ್ಯ. ಜೊತೆಗೆ ಮೊಮ್ಮಗಳು ಟಿಲ್ಲಿ. ಅವಳ ತೋಳಿನಲ್ಲಿ ರಿಮೋಟಿನಿಂದ ಓಡುವ ಕೆಂಪು ಬಣ್ಣದ ಆಟದ ಹಡಗು, ದೊಡ್ಡ ಹಡಗುಗಳನ್ನು ಎಳೆಯುವ ಜಾತಿಯದು. ಚಳಿಗಾಲವೆಲ್ಲ ಕೂತು ಅವಳೇ ಅಂಟಿಸಿ ಬಣ್ಣ ಬಳಿದದ್ದು. ಸೋಮವಾರ ರಜೆ, ಪಾರ್ಕಿನ ಕೊಳದಲ್ಲಿ ಎಲ್ಲರೂ ಹಡಗು ಬಿಡುವ ದಿನ.

"ಕೊಳಕ್ಕೆ ಬರೋದೇ ಇಲ್ಲ ಅಂತಾಳೆ," ಎಂದ ಸೆಲ್ವಿನ್. "ಇನ್ಮೇಲೆ ಹಡಗು ಮುಟ್ಟೋದೂ ಇಲ್ವಂತೆ."

ಟಿಲ್ಲಿ ನೇರ ಹೋಗಿ ಆ ಕುರ್ಚಿಯಲ್ಲಿ ಕೂತಳು. "ನಾನೇ ಕೆಡಿಸಿದ್ದು. ಸ್ನಾನದ ತೊಟ್ಟೀಲಿ ಆಡ್ತಾ ಒಳಗೆ ನೀರು ಬಿಟ್ಟೆ. ಮಾರನೇ ದಿನ ತಾತ ಹೊಸ ತಂತಿ ಹಾಕಿ ಕೊಟ್ರೂ ಓಡ್ಲಿಲ್ಲ. ಸುಟ್ಟ ವಾಸನೆ ಬಂತು."

ಮಾವಿಸ್ ಹಡಗಿನ ಮುಚ್ಚಳ ತೆಗೆದು ಮೊದಲು ಮೂಸಿ ನೋಡಿದಳು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಯಂಥ ಕೆಪಾಸಿಟರ್ ಉಬ್ಬಿ ಒಡೆದಿತ್ತು. ಪಕ್ಕದ ಚಿಪ್‌ನ ಮೇಲೆ ಕಪ್ಪು ಕಲೆ. ತಂತಿಗಳ ಜಾಡನ್ನು ಬೆರಳಿನಿಂದ ಹಿಡಿದು ಬ್ಯಾಟರಿಯವರೆಗೆ ಹೋದಳು.

"ಪುಟ್ಟಿ, ಇದು ನೀರಿನ ಕೆಲಸ ಅಲ್ಲ. ಬೋರ್ಡಿನ ಮೇಲೆ ನೀರಿನ ಕಲೆ ಎಲ್ಲೂ ಇಲ್ಲ ನೋಡು. ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ."

ಮಾವಿಸ್ ಸೆಲ್ವಿನ್ ಕಡೆ ನೋಡಲಿಲ್ಲ. ಸೆಲ್ವಿನ್ ತನ್ನ ಚಹಾದೊಳಗೆ ನೋಡುತ್ತಿದ್ದ. ನಾನು ಕೆಟಲು ಹಿಡಿದು ನಿಂತಲ್ಲೇ ಅವನಿಗಾಗಿ ಮನಸ್ಸಿನಲ್ಲಿ ಪ್ರಾರ್ಥಿಸಿದೆ.

"ಹಾಗಾದ್ರೆ ಬ್ಯಾಟರೀನ ನಾನೇ ಉಲ್ಟಾ ಹಾಕಿರ್ಬೇಕು," ಎಂದು ಟಿಲ್ಲಿ ಬೆಸುಗೆ ಕಡ್ಡಿಗೆ ಕೈ ಚಾಚಿದಳು.

ಸೆಲ್ವಿನ್ ಲೋಟ ಕೆಳಗಿಟ್ಟ. "ಎದ್ದೇಳು ಪುಟ್ಟಿ. ಅದು ನನ್ನ ಕುರ್ಚಿ."

ಕೂತ ಮೇಲೆ ಹೇಳಿದ: "ಹಳೇ ಟ್ರ್ಯಾಕ್ಟರಲ್ಲಿ ಪ್ಲಸ್ ತಂತಿ ಕಬ್ಬಿಣದ ಮೈಗೆ ಹೋಗ್ತಿತ್ತು. ಈ ಹಡಗಿನ ತಳದಲ್ಲೂ ಒಂದು ಲೋಹದ ತಗಡಿತ್ತು, ಕೈ ತಾನಾಗೇ ಅಲ್ಲಿಗೇ ಹೋಯ್ತು. ಹೊಗೆ ಬಂದಾಗ್ಲೇ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ."

"ನಮ್ಮಪ್ಪನ ವ್ಯಾನೂ ಹಾಗೇ ಇತ್ತು ಕಣಯ್ಯ," ಎಂದಳು ಮಾವಿಸ್. "ಗಾಡಿ ಮೈಗೆ ಮೈನಸ್ಸು ಬಂದು ಎಷ್ಟು ಕಾಲ ಆಯ್ತು! ನಿನ್ನ ಕೈಗೆ ಯಾರೂ ಹೇಳ್ಲಿಲ್ವಾ?"

"ತಾತ, ನನ್ನ ಹಡಗೇನು ಟ್ರ್ಯಾಕ್ಟರಾ!" ಟಿಲ್ಲಿ ನಕ್ಕೇಬಿಟ್ಟಳು.

ಸುಟ್ಟ ಬೋರ್ಡು ಉಳಿಯುವಂತಿರಲಿಲ್ಲ. ಚಕ್ರ ಮುರಿದ ಆಟದ ಕಾರೊಂದರಿಂದ ಮಾವಿಸ್ ಬೋರ್ಡನ್ನೂ ಅದರ ರಿಮೋಟನ್ನೂ ತೆಗೆದಳು. "ಇವೆರಡೂ ಗಂಡ ಹೆಂಡ್ತಿ ಇದ್ದ ಹಾಗೆ, ಬೇರೆಯವರ ಮಾತು ಕೇಳಲ್ಲ." ಬೆಸುಗೆಯೆಲ್ಲ ಸೆಲ್ವಿನ್ನನ ಕೈಯದೇ. ಟಿಲ್ಲಿ ದೀಪ ಹಿಡಿದಳು. ಕೊನೆಗೆ ಮಾವಿಸ್ ಪ್ಲಸ್ ತಂತಿಯ ನಡುವೆ ಒಂದು ಡಯೋಡ್ ಹಾಕಿಸಿದಳು.

"ಇದು ಒಂದೇ ಕಡೆ ತೆರೆಯೋ ಬಾಗ್ಲು. ಇನ್ನು ಬ್ಯಾಟರಿ ಉಲ್ಟಾ ಹಾಕಿದ್ರೆ ಹಡಗು ಓಡಲ್ಲ, ಆದ್ರೆ ಸುಡಲ್ಲ. ವೇಗ ಮಾತ್ರ ಸ್ವಲ್ಪ ಕಮ್ಮಿ ಆಗುತ್ತೆ."

"ಆಗ್ಲಿ ಬಿಡು. ಇನ್ನೊಬ್ಬರನ್ನ ಎಳ್ಕೊಂಡು ಬರೋ ಹಡಗಿಗೆ ಅವಸರ ಯಾಕೆ," ಎಂದ ಸೆಲ್ವಿನ್.

ಸೋಮವಾರ ಕೊಳದ ದಂಡೆಯಲ್ಲಿ ಟಿಲ್ಲಿ ಆಟದ ಕಾರಿನ ರಿಮೋಟಿನಲ್ಲಿದ್ದ ಪುಟ್ಟ ಸ್ಟಿಯರಿಂಗ್ ತಿರುಗಿಸುತ್ತ ನಿಂತಿದ್ದಳು. ಕೆಂಪು ಹಡಗು ಬಾತುಕೋಳಿಗಳ ನಡುವೆ ಗಂಭೀರವಾಗಿ ಸಾಗಿತ್ತು.

"ಏನಮ್ಮ, ಲೈಸೆನ್ಸ್ ಇದೆಯಾ?" ಯಾರೋ ಚುಡಾಯಿಸಿದರು.

"ಹಡಗು ನಂದು, ಬೆಸುಗೆ ನಮ್ಮ ತಾತಂದು!" ಎಂದಳು ದಂಡೆಗೆಲ್ಲ ಕೇಳುವಂತೆ. "ಸುಟ್ಟಿದ್ದೂ ಅವ್ರೇ, ಸರಿ ಮಾಡಿದ್ದೂ ಅವ್ರೇ!"

ಸೆಲ್ವಿನ್ ತಲೆ ತಗ್ಗಿಸಲಿಲ್ಲ. ಟೋಪಿಯನ್ನು ಹಿಂದಕ್ಕೆ ಸರಿಸಿ, ಎಲ್ಲರೂ ಮುಖ ನೋಡಲಿ ಎಂಬಂತೆ ನಿಂತ.

ಮಾವಿಸ್ ನನ್ನ ಪಕ್ಕದ ಬೆಂಚಿನಲ್ಲಿ ಬೇಕರಿಯ ಪೈ ತಿನ್ನುತ್ತಿದ್ದಳು. ನಾನು ಅವಳನ್ನು ಹೊಗಳಲು ಬಾಯಿ ತೆರೆದೆ.

"ಬೆಸುಗೆ ಒರಟಾಗಿದೆ," ಎಂದಳು ಹಡಗಿನಿಂದ ಕಣ್ಣು ತೆಗೆಯದೆ. "ಆದ್ರೆ ಬಿಟ್ಕೊಳ್ಳಲ್ಲ."